ಬಾಗಿಲು ಕೀಳದ ಮನೆ

ಜಲಾಶಯದ ನೀರು ಆ ವರ್ಷ ಇಳಿದಷ್ಟು ಹಿಂದೆಂದೂ ಇಳಿದಿರಲಿಲ್ಲ. ನಮ್ಮ ಹಳೆಯ ಬೀದಿ ಇರುವುದು ಅದರ ತಳದಲ್ಲಿ. ಇಪ್ಪತ್ತು ವರ್ಷದ ಹಿಂದೆ ಅಣೆಕಟ್ಟು ಕಟ್ಟಿದಾಗ ಜನರನ್ನೆಲ್ಲ ಗುಡ್ಡದ ಮೇಲಕ್ಕೆ ತಂದರು, ಗೋಡೆಗಳು ಕೆಳಗೇ ಉಳಿದವು. ಈಗ ಆ ಗೋಡೆಗಳ ನಡುವೆ ಬಾರಮುಂಡಿ ಮೀನುಗಳಿವೆ. ಇಲಾಖೆಯವರು ಮರಿ ತಂದು ಬಿಟ್ಟದ್ದು, ತೋಳುದ್ದ ಬೆಳೆದಿವೆ. ಮರೆಯಲ್ಲಿ ಹೊಂಚಿ ನಿಂತು, ಎದುರಿಗೆ ಬಂದದ್ದನ್ನು ಒಂದೇ ಗುಕ್ಕಿಗೆ ನುಂಗುವ ಜಾತಿ ಅದು. ಮೂಲೆ, ಮೆಟ್ಟಿಲು, ಕಿಟಕಿಯ ಕಂಡಿ ಇದ್ದರೆ ಅದಕ್ಕೆ ಬೇರೇನೂ ಬೇಡ.

ಭಾನುವಾರ ಸಂಜೆ ನಾನೂ ದರ್ಜಿಯೂ ಅಲ್ಲಿಗೆ ದೋಣಿ ಒಯ್ಯುತ್ತೇವೆ. ಅವನು ಚಿಕ್ಕಂದಿನ ಸ್ನೇಹಿತ. ಅವನ ಅಪ್ಪನೂ ದರ್ಜಿ. ನಾನು ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡುವವನಾದ್ದರಿಂದ ಅವನ ಬಾಯಲ್ಲಿ ನಾನು ‘ತಕ್ಕಡಿ’. ನಮ್ಮ ಗಾಳಕ್ಕೆ ಹುಳ ಸಿಕ್ಕಿಸುವುದಿಲ್ಲ. ಮರದಲ್ಲಿ ಕೆತ್ತಿ ಬಣ್ಣ ಬಳಿದ ಸುಳ್ಳು ಮೀನು ಕಟ್ಟುತ್ತೇವೆ, ಅದಕ್ಕೆ ಲೂರ್ ಅನ್ನುತ್ತಾರೆ. ದೂರ ಎಸೆದು, ದಾರದ ರೀಲ್ ಸುತ್ತುತ್ತ, ಸ್ವಲ್ಪ ನಿಲ್ಲಿಸಿ ಮತ್ತೆ ಸುತ್ತುತ್ತ, ಪೆಟ್ಟು ತಿಂದ ಮರಿಮೀನು ಒದ್ದಾಡುವ ಹಾಗೆ ಅದನ್ನು ಎಳೆಯಬೇಕು.

ಎಲ್ಲಿಗೆ ಎಸೆಯಬೇಕೆಂದು ನಾವು ಹೇಳುವುದು ಮನೆಗಳ ಹೆಸರಿನಲ್ಲಿ.

“ಕ್ಷೌರದಂಗಡಿ ಜಗಲಿಗೆ ಬಿಡು,” ಎಂದ ದರ್ಜಿ ಆ ಸಂಜೆ. “ಅಲ್ಲಿಲ್ಲಾಂದ್ರೆ ನಿಮ್ಮ ಸೋದರತ್ತೆ ಅಡುಗೆಮನೆ.”

“ಅತ್ತೆ ನೋಡಿದ್ರೆ ಸೌಟು ತಗೊಂಡು ಬರ್ತಾಳೆ.”

“ಬದುಕಿದ್ದಾಗ ಒಂದು ನೊಣ ಒಳಗೆ ಬಿಟ್ಕೊಳ್ಳಲಿಲ್ಲ ಪುಣ್ಯಾತ್ಗಿತ್ತಿ. ಈಗ ಮೀನು ಸಂಸಾರ ಹೂಡ್ಕೊಂಡು ಕೂತಿವೆ. ಲೋ, ಗಂಟು ನೋಡಿದ್ದು ಸಾಕು, ಎಸಿಯೋ! ನಿನ್ನ ಗಂಟು ಬಿಚ್ಚೋ ಅಂಥ ಮೀನು ಇನ್ನೂ ಹುಟ್ಟಿಲ್ಲ.”

ನಾನು ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿದೆ. ನನ್ನ ಕೈಕೆಲಸದ ಮೇಲೆ ನನಗೇ ನಂಬಿಕೆ ಸಾಲದು.

ನಾವು ಲೂರ್ ಎಸೆಯದ ಮನೆ ಒಂದೇ, ದರ್ಜಿಯದು. ಊರು ಬಿಡುವಾಗ ಎಲ್ಲರೂ ಬಾಗಿಲು, ಕಿಟಕಿ, ತೊಲೆ ಕಿತ್ತುಕೊಂಡು ಲಾರಿಗೆ ಹೇರಿದರು. ಅವನ ಅಪ್ಪ ಮಾತ್ರ ತಗಡಿನ ಬಾಗಿಲು ಮುಟ್ಟಲು ಬಿಡಲಿಲ್ಲ. ಬಾಗಿಲಿಲ್ಲದ ಮೇಲೆ ಅದೆಂಥ ಮನೆ ಎಂದು ಜಗಳ ತೆಗೆದರು. ಕೊನೆಯ ಲಾರಿ ಹೊರಟಾಗ ‘ಕನ್ನಡಕ ಮರೆತೆ’ ಎಂದು ಇಳಿದು ಹಿಂದಕ್ಕೆ ಹೋದವರು ಬರಲೇ ಇಲ್ಲ. ಹುಡುಕಲು ಹೋದವರಿಗೆ ಬೀದಿಯ ಬಾಯಲ್ಲೇ ಎದೆಮಟ್ಟದ ನೀರು ಎದುರಾಯಿತು. ಆಮೇಲೆ ಯಾರೋ ಅವರನ್ನು ದೂರದ ಊರಿನ ಬಸ್ ನಿಲ್ದಾಣದಲ್ಲಿ ಕಂಡೆನೆಂದಾಗ ದರ್ಜಿ ಅವನ ಕೊರಳಪಟ್ಟಿ ಹಿಡಿದಿದ್ದ. ಅಪ್ಪ ಮನೆ ಬಿಡಲಾರದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂತರು ಎಂಬುದು ಅವನ ನಂಬಿಕೆ, ಅವನ ಅಮ್ಮನ ನಂಬಿಕೆಯೂ ಅದೇ. ಹೋದ ವರ್ಷ ಅಮ್ಮ ತೀರಿಕೊಂಡಾಗ ಬೂದಿಯನ್ನು ನಾವಿಬ್ಬರೂ ಇದೇ ದೋಣಿಯಲ್ಲಿ ತಂದು ಆ ಮನೆಯ ಮೇಲೆ ಬಿಟ್ಟೆವು. “ಹೋಗಮ್ಮ, ಅಪ್ಪ ಒಳಗೇ ಇದಾರೆ,” ಎಂದಿದ್ದ ದರ್ಜಿ. ಆ ದಿನ ಅವನ ಮುಖದಲ್ಲಿ ಮಗಳನ್ನು ಗಂಡನ ಮನೆಗೆ ಮುಟ್ಟಿಸಿದವನ ನೆಮ್ಮದಿ ಇತ್ತು.

ಕೆಳಗೆಲ್ಲೋ ಬಾಗಿಲು ಬಡಿದಂತೆ ಧಪ್ಪೆಂದಿತು. ಬಾರಮುಂಡಿ ಬೇಟೆ ಹಿಡಿಯುವ ಸದ್ದು ಹಾಗೇ ಇರುತ್ತದೆ. ಗೊತ್ತಿದ್ದೂ ಪ್ರತಿ ಸಲ ನಾನು ತಿರುಗಿ ನೋಡುತ್ತೇನೆ. ಸದ್ದು ಬಂದದ್ದು ಸೋದರತ್ತೆಯ ಮನೆಯ ಕಡೆಯಿಂದ ಅನ್ನಿಸಿತು. ನೀರು ತಿಳಿಯಾಗಿ, ಗೋಡೆಗಳ ತಲೆ ಕಪ್ಪಗೆ ಕಾಣುತ್ತಿತ್ತು. ಬೀದಿಯ ತುದಿಯ ಗಿರಣಿಯ ಹೊಗೆಗೂಡಿನಿಂದ ಒಂದೊಂದೇ ಮನೆ ಎಣಿಸಿ, ಮೂರನೆಯದಕ್ಕೆ ಎಸೆದೆ. ಒಂದೆರಡು ಸುತ್ತು ಸುತ್ತುವಷ್ಟರಲ್ಲಿ ಲೂರ್ ಸಿಕ್ಕಿಕೊಂಡಿತು.

“ಎಲ್ಲೋ ಎಸೆದೆ?” ದರ್ಜಿ ತಿರುಗಿ ನೋಡಿದ.

“ಅತ್ತೆ ಮನೆ. ಕ್ಷೌರದಂಗಡಿ, ಫೋಟೊ ಸ್ಟುಡಿಯೊ, ಅತ್ತೆ. ಮೂರನೇದು.”

“ಸ್ಟುಡಿಯೊ ಎಲ್ಲಿದೆಯೋ? ನೀರು ಬರೋಕೆ ಮುಂಚೇನೇ ಅದನ್ನ ನೆಲಸಮ ಮಾಡಿದ್ರಲ್ಲ!”

ನನ್ನ ತಲೆಯೊಳಗಿನ ಬೀದಿಯಲ್ಲಿ ಸ್ಟುಡಿಯೊ ಇನ್ನೂ ನಿಂತೇ ಇತ್ತು, ಗಾಜಿನ ಹಿಂದೆ ಯಾರದೋ ಮದುವೆಯ ಫೋಟೊ ಸಮೇತ. ಇಲ್ಲದ ಮನೆಯನ್ನು ಎಣಿಸಿ, ಅತ್ತೆಯ ಮನೆ ದಾಟಿ ಪಕ್ಕದ ದರ್ಜಿಯ ಮನೆಗೆ ಲೂರ್ ಎಸೆದಿದ್ದೆ.

“ತಪ್ಪಾಯ್ತು ಕಣೋ. ದಾರ ಕೊಯ್ದುಬಿಡ್ತೀನಿ.” ಚಾಕು ಹುಡುಕಿದೆ.

“ತಡಿ. ಏನಕ್ಕೆ ಸಿಕ್ಕಿದೆ?”

“ಕೊಂಬೆ ಇರ್ಬೇಕು.”

“ನಮ್ಮನೆ ಮುಂದೆ ಮರ ಎಲ್ಲಿತ್ತೋ?”

ಅವನು ದೋಣಿಯಲ್ಲಿದ್ದ ಅಲ್ಯೂಮಿನಿಯಂ ಗಳವನ್ನು ದಾರದ ಗುಂಟ ಇಳಿಬಿಟ್ಟು ಮೆಲ್ಲಗೆ ತಟ್ಟಿದ. ಗಳದೊಳಗಿಂದ ಠಣ್ ಎಂಬ ಸದ್ದು ಮೇಲೆ ಬಂತು. ಇನ್ನೊಮ್ಮೆ ತಟ್ಟಿದ. ಅವನ ಮುಖ ಅರಳಿತು.

“ಬಾಗಿಲು! ಇನ್ನೂ ನಿಂತಿದೆ ನೋಡೋ ತಕ್ಕಡಿ. ಮುಚ್ಚೇ ಇದೆ. ನಾನು ಹೇಳಿರ್ಲಿಲ್ವಾ?”

ಗಾಳದ ರಾಡ್ ಇನ್ನೂ ನನ್ನ ಕೈಯಲ್ಲಿತ್ತು. ಸ್ವಲ್ಪ ಜಗ್ಗಿದರೆ ಕೆಳಗಿನ ವಸ್ತು ಸ್ವಲ್ಪ ಬರುತ್ತಿತ್ತು, ಬಿಟ್ಟರೆ ಹಿಂದಕ್ಕೆ ಹೋಗಿ ಟಕ್ ಎಂದು ಬಡಿಯುತ್ತಿತ್ತು. ಸಣ್ಣದು, ತೂಕದ್ದು, ನೇತಾಡುವಂಥದು. ಇದನ್ನು ಅವನು ನೋಡಬಾರದೆಂದು ರಾಡನ್ನು ಅಲುಗಾಡಿಸದೆ ಹಿಡಿದೆ. ಆದರೆ ಅವನು ದಾರಕ್ಕೇ ಕೈ ಹಾಕಿ ಎಳೆದು, ಬಿಟ್ಟ. ಟಕ್. ಮತ್ತೆ ಎಳೆದ. ಟಕ್.

“ಇದೇನೋ ನೇತಾಡ್ತಿದೆ.”

“ಏನೋ ಕಸ ಇರುತ್ತೆ, ಬಿಡೋ.”

“ನನ್ನ ಮುಖ ನೋಡಿ ಹೇಳು.”

ಸುಳ್ಳು ಹೇಳಬೇಕೆಂದೇ ಬಾಯಿ ತೆರೆದೆ. “ಬೀಗ,” ಎಂದೆ.

ಅವನು ದಾರವನ್ನು ಬೆರಳ ನಡುವೆ ಹಿಡಿದುಕೊಂಡೇ ಕೂತ.

“ಬೀಗದ ಕೈ ಅಪ್ಪನ ಹತ್ರಾನೇ ಇತ್ತು,” ಎಂದ ಕೊನೆಗೆ. “ಒಳಗೆ ಕೂರೋನು ಹೊರಗಡೆ ಬೀಗ ಯಾಕೋ ಹಾಕ್ತಾನೆ?”

ಅವನು ಎದ್ದು ನಿಂತು, ನನ್ನ ಕೈಯಿಂದ ರಾಡ್ ಕಿತ್ತುಕೊಂಡು ಬಲವಾಗಿ ಸೆಳೆದ. ಲೂರ್ ಬಿಡಿಸಿಕೊಂಡು ಮೇಲೆ ಬಂತು. ಅದರ ಬೆನ್ನಿಗೇ, ಸೂರಿಲ್ಲದ ಆ ಮನೆಯೊಳಗಿಂದ ಒಂದು ಭಾರಿ ಬಾರಮುಂಡಿ ಎದ್ದು ಬಂದು ಲೂರನ್ನು ಕಚ್ಚಿತು. ಪೂರ್ತಿ ನೀರಿನ ಮೇಲೆ ನೆಗೆಯಿತು. ಇಳಿಬಿಸಿಲಿಗೆ ಅದರ ಕಣ್ಣು ಕೆಂಡದಂತಿತ್ತು. ಅಂಥ ಮೀನು ನಾವು ಜನ್ಮದಲ್ಲಿ ಕಂಡಿರಲಿಲ್ಲ. ರಾಡ್ ಬಿಲ್ಲಿನಂತೆ ಬಗ್ಗಿತು, ರೀಲ್ ಕಿರುಚಿತು. ದರ್ಜಿ ಎಳೆಯಲೂ ಇಲ್ಲ, ಸುತ್ತಲೂ ಇಲ್ಲ. ಮೀನು ತಲೆ ಒದರಿ ಲೂರನ್ನು ಉಗುಳಿ ಮತ್ತೆ ಅದೇ ಗೋಡೆಗಳ ನಡುವೆ ಇಳಿದುಹೋಯಿತು.

“ಅಮ್ಮನ್ನ ಯಾರ ಹತ್ರ ಕಳಿಸಿದ್ವೋ ನಾವು?” ಎಂದ.

ದಡ ಮುಟ್ಟುವವರೆಗೂ ನಾನೇ ಹುಟ್ಟು ಹಾಕಿದೆ. ಅವನು ಬೆನ್ನು ತಿರುಗಿಸಿ ದಡದ ಕಡೆಗೇ ನೋಡುತ್ತಿದ್ದ. ಅಲ್ಲಿ ಸಂಜೆ ಗಾಳಿಗೆ ಬಂದ ಮುದುಕರು ಮೆಟ್ಟಿಲ ಮೇಲೆ ಕೂತಿದ್ದರು.

“ಏನಾದ್ರೂ ಸಿಕ್ತೇನ್ರಪ್ಪಾ?” ಅವರಲ್ಲೊಬ್ಬರು ಕೇಳಿದರು. ಯಾರೆಂದು ನನಗೆ ಗೊತ್ತಿರಲಿಲ್ಲ.

“ಇಲ್ಲ ತಾತ,” ಎಂದು ನಾನು ಮುಂದೆ ಹೋದೆ. ದರ್ಜಿ ನಿಂತ. ಆ ಮುಖವನ್ನು ಇಷ್ಟು ಹತ್ತಿರದಿಂದ ನೋಡಬಾರದು ಎನ್ನುವಷ್ಟು ಬಗ್ಗಿ ನೋಡಿದ.

“ಯಾವೂರು ತಾತ ನಿಮ್ಮದು?”

“ನಮ್ಮದಾ? ಈ ಕಡೇದೇ ಅಲ್ಲಪ್ಪ. ಮಗಳ ಮನೆಗೆ ಬಂದಿದೀನಿ.”

“ಕೈ ಕೊಡಿ ಒಂಚೂರು.”

ಕತ್ತರಿ ಹಿಡಿದು ಹಿಡಿದು ದರ್ಜಿಗಳ ಹೆಬ್ಬೆರಳು ಗಂಟುಗಟ್ಟಿರುತ್ತದೆ, ಅವನ ಅಪ್ಪನದೂ ಹಾಗೇ ಇತ್ತು. ಅವನು ಆ ಮುದುಕರ ಬಲಗೈ ಹಿಡಿದು, ಹೆಬ್ಬೆರಳನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಒತ್ತಿ ನೋಡುತ್ತಿದ್ದ.

“ಭವಿಷ್ಯ ಹೇಳ್ತೀಯೇನಪ್ಪಾ?” ಎಂದು ಅವರು ನಕ್ಕರು.

ದರ್ಜಿ ಆ ಕೈಯನ್ನು ಅವರ ಮಡಿಲಲ್ಲಿಟ್ಟು, ಪಕ್ಕದ ಮುದುಕರ ಮುಂದೆ ಬಗ್ಗಿದ.