ತುಳಿದ ಮಣ್ಣು

ಸುಳ್ಳು ಹೇಳಿದರೂ ನಿಜದ ತಲೆಯ ಮೇಲೆ ಹೊಡೆದಂತೆ ಹೇಳಬೇಕು ಅನ್ನುತ್ತಾರೆ. ನೀಲಾಬಾಯಿ ಹಾಗೇ ಹೇಳಿದ್ದಳು. ಘಾಟ್ಕೋಪರಿನ ಆ ಏಳು ಮಾಳಿಗೆಯ ಸೊಸೈಟಿಯ ಸೆಕ್ರೆಟರಿ ಶುಭಾಂಗಿ ಮೇಡಮ್, "ಗಾಂವ್‌ವಾಲೀ ಹೋ, ಖೇತೀ ತೋ ಆತೀ ಹೋಗೀ?", ಹಳ್ಳಿಯವಳಲ್ಲವೇ, ಹೊಲದ ಕೆಲಸ ಬರುತ್ತದಲ್ಲ, ಎಂದು ಕೇಳಿದಾಗ, ಸೆರಗು ಸರಿಮಾಡಿಕೊಂಡು, "ಹಾಂ ಮೇಡಮ್, ಹಮ್ ಖೇತ್‌ವಾಲೇ ಹೈ", ನಾವು ಹೊಲದವರೇ, ಅಂದುಬಿಟ್ಟಳು. ಕಲಬುರಗಿ ಕಡೆಯ ಮಂದಿ ಎಂಬುದೇನೋ ನಿಜ. ಆದರೆ ಹೊಲ ಉಳುವವರನ್ನು ಅವಳು ರೈಲಿನ ಕಿಟಕಿಯಿಂದ ಕಂಡಿದ್ದಳು, ಅಷ್ಟೇ. ಹುಟ್ಟಿದ್ದು ಕಟ್ಟುತ್ತಿದ್ದ ಬಿಲ್ಡಿಂಗಿನ ಬುಡದಲ್ಲಿ, ಬೆಳೆದದ್ದು ಮರಳಿನ ರಾಶಿಯ ಮೇಲೆ, ದುಡಿದದ್ದು ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು.

ಸುಳ್ಳು ಹೇಳದೆ ಮತ್ತೇನು ಮಾಡಬೇಕಿತ್ತು? ಗಂಡ ಚಂದ್ರಾಮ ಅದೇ ಸೊಸೈಟಿಯ ವಾಚಮನ್. ಟೆರೇಸಿನ ಮೇಲೆ ನೀರಿನ ಟಾಕಿಯ ಪಕ್ಕದ ಖೋಲಿ ಅವನ ನೌಕರಿಯ ಜೊತೆ ಬಂದದ್ದು. ಮಳೆಗಾಲದಲ್ಲಿ ಲಕ್ವಾ ಹೊಡೆದು ಅವನ ಬಲಗೈ, ಬಲಗಾಲು ಬಿದ್ದವು, ಮಾತೂ ನಿಂತಿತು. ನೌಕರಿ ಹೋಯಿತು, ಖೋಲಿಯೂ ಹೋಗುವುದರಲ್ಲಿತ್ತು. ಅಷ್ಟರಲ್ಲಿ ಸೊಸೈಟಿಯ ಜನಕ್ಕೆ ಟೆರೇಸಿನ ಮೇಲೆ ತರಕಾರಿ ಬೆಳೆಯುವ ಹುಕಿ ಬಂತು. ಸೊಸೈಟಿ ಒಂದು ಪೈಸೆ ಬಿಚ್ಚುವುದಿಲ್ಲ, ಬಿಟ್ಟಿ ಸಾಮಾನಿನಲ್ಲೇ ಮಾಡು, ದೀಪಾವಳಿಯ ಮುಂಚಿನ ಮೀಟಿಂಗಿನ ಹೊತ್ತಿಗೆ ಹಸಿರು ಕಂಡರೆ ಇಲ್ಲೇ ಇರು, ಇಲ್ಲದಿದ್ದರೆ ಚಾವಿ ಕೊಟ್ಟು ಹೊರಡು ಎಂದರು ಮೇಡಮ್.

ಹೊರಡುವುದೆಲ್ಲಿಗೆ? ಆಂಟಾಪ್ ಹಿಲ್ಲಿನಲ್ಲಿ ಅವಳ ತಮ್ಮನ ಖೋಲಿಯಿತ್ತು. ಅವನ ಹೆಸರು ಶ್ರೀಮಂತ; ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲ. ಅದೂ ಮೇಲಿನ ಖೋಲಿ, ಹತ್ತಲು ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಏಣಿ. ಅರ್ಧ ಮೈ ಬಿದ್ದ ಗಂಡನನ್ನು ಆ ಏಣಿ ಹತ್ತಿಸುವುದು ಹೇಗೆ? ಒಮ್ಮೆ ಹತ್ತಿಸಿದರೆ ಅವನು ಮತ್ತೆ ಇಳಿಯುವುದು ಹೆಣವಾಗಿಯೇ.

ಮೀನಿನವರು ಬಿಸಾಡಿದ ಥರ್ಮಾಕೋಲ್ ಡಬ್ಬಿಗಳನ್ನು ತಂದಳು. ಖಾಲಿ ಪೇಂಟಿನ ಡಬ್ಬಗಳಿಗೆ ಮೊಳೆಯಿಂದ ತೂತು ಹೊಡೆದಳು. ಪಕ್ಕದಲ್ಲಿ ಹೊಸ ಟವರಿಗೆ ಪಾಯ ತೆಗೆಯುತ್ತಿದ್ದರು; ಅಲ್ಲಿನ ಕೂಲಿಗಳ ಮುಕಾದಮನ ಕಾಲಿಗೆ ಬಿದ್ದು ಮಣ್ಣು ಕೇಳಿಕೊಂಡಳು. ಲಿಫ್ಟಿನಲ್ಲಿ ಮಣ್ಣು ಒಯ್ಯಬಾರದಂತೆ, ಮೆಟ್ಟಿಲು ಹತ್ತಿಯೇ ಹೊತ್ತಳು. ಬೀಜ ಅಡುಗೆ ಡಬ್ಬಿಯ ಮೆಂತ್ಯ ಮತ್ತು ಕೊತ್ತಂಬರಿ.

ಮಣ್ಣಿನೊಂದಿಗೆ ಅವಳಿಗೆ ಗೊತ್ತಿದ್ದದ್ದು ಒಂದೇ ವ್ಯವಹಾರ. ಮಣ್ಣು ಹಾಕು, ತುಳಿ, ಬಡಿ, ಅಲುಗದಂತೆ ಮಾಡು. ಮಣ್ಣು ಕುಸಿದರೆ ಮನೆ ಕುಸಿಯುತ್ತದೆ ಎಂದು ಅವ್ವ ಕಲಿಸಿದ್ದಳು. ನೀಲಾಬಾಯಿ ಅಷ್ಟೇ ನಿಷ್ಠೆಯಿಂದ ಬೀಜ ಹಾಕಿ, ಮೇಲೆ ಮಣ್ಣು ಸುರಿದು, ಪ್ರತಿ ಡಬ್ಬಿಯಲ್ಲೂ ನಿಂತು ಹಿಮ್ಮಡಿಯಿಂದ ತುಳಿದಳು. ಕಲ್ಲಿನಿಂದ ಬಡಿದು ನುಣ್ಣಗೆ ಮಾಡಿದಳು. ಸ್ಲ್ಯಾಬಿಗೆ ಹೊದಿಸುವಂತೆ ಒದ್ದೆ ಗೋಣಿತಟ್ಟು ಹೊದಿಸಿ ಹೊತ್ತು ಹೊತ್ತಿಗೆ ನೀರು ಹೊಡೆದಳು. ನೋಡಿದರೆ ಮೆಚ್ಚಬೇಕು, ಅಷ್ಟು ಚಂದದ ಕೆಲಸ.

ಒಂದೂ ಮೊಳೆಯಲಿಲ್ಲ.

ಅಕ್ಟೋಬರಿನ ಬಿಸಿಲು ಏರಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ಮೊದಲು ಬೀಜವನ್ನು ಬೈದಳು, ಆಮೇಲೆ ನೀರನ್ನು, ಕೊನೆಗೆ ತನ್ನ ಹಣೆಬರಹವನ್ನು. ಮರಗಮ್ಮನಿಗೆ ಹರಕೆ ಹೊತ್ತಳು. ಬೆಳಗಾದರೆ ತಟ್ಟು ಎತ್ತಿ ನೋಡುವುದು, ಮುಚ್ಚುವುದು.

ಮೀಟಿಂಗು ಭಾನುವಾರ. ಶುಕ್ರವಾರ ಕಸ ಗುಡಿಸುವಾಗ ಟಾಕಿಯ ಮೂಲೆಯಲ್ಲಿ ಅವಳ ಪೊರಕೆ ನಿಂತಿತು. ಮಿಕ್ಕ ಮಣ್ಣನ್ನು, ಚೆಲ್ಲಿದ ಕಾಳನ್ನು ಕಸದ ಜೊತೆ ಅಲ್ಲಿ ಗುಡಿಸಿಟ್ಟಿದ್ದಳು. ಟಾಕಿಯ ನೀರು ಸೋರಿ ಬೀಳುತ್ತಿದ್ದ ಆ ಗುಪ್ಪೆಯ ಮೇಲೆ ಒಂದು ಹಿಡಿ ಮೆಂತ್ಯ ಎದ್ದು ನಿಂತಿತ್ತು. ಅದೇ ಮಣ್ಣು, ಅದೇ ಬೀಜ. ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು. ಪೇಷೆಂಟು ಯಾರ ಕಣ್ಣಿಗೂ ಬೀಳಬಾರದೆಂದು ಇಷ್ಟು ದಿನ ಒಳಗೇ ಇಟ್ಟಿದ್ದ ಗಂಡನನ್ನು ಕಂಕುಳಿಗೆ ಕೈಕೊಟ್ಟು ಹೊರಗೆ ಎಳೆತಂದು, ಡಬ್ಬಿಯ ಮುಂದೆ ಕೂರಿಸಿದಳು.

"ನೀವರ ಸಣ್ಣವರಿದ್ದಾಗ ಹೊಲ ಕಂಡೀರಿ. ಏನಾಗೇದ ನೋಡ್ರಿ, ನನಗ ತಿಳೀವಲ್ದು!"

ಚಂದ್ರಾಮ ಎಡಗೈಯ ಬೆರಳನ್ನು ಮಣ್ಣಿಗೆ ಒತ್ತಿದ. ಇಳಿಯಲಿಲ್ಲ. ಮತ್ತೆ ಒತ್ತಿದ. ಹೆಂಡತಿಯ ಮುಖ ನೋಡಿದ. ಪಕ್ಕದಲ್ಲಿದ್ದ ಸವಟಿನಿಂದ ಒಂದು ಮೂಲೆ ಒಡೆದು, ಹೆಂಟೆಯನ್ನು ಅಂಗೈಯಲ್ಲಿ ಪುಡಿಮಾಡಿ, ಉದುರಿಸಿ ತೋರಿಸಿದ. ಒಳಗೆ ಮೆಂತ್ಯದ ಕಾಳು ಮೊಳಕೆ ಬಂದು, ಮೇಲೇಳಲಾಗದೆ ಸುತ್ತಿಕೊಂಡು ಕೊಳೆತಿತ್ತು.

"ನನ್ನ ಕಾಲಿಗಿ ಬೆಂಕಿ ಹಚ್ಚಲಿ!" ನೀಲಾಬಾಯಿ ತಲೆ ಚಚ್ಚಿಕೊಂಡಳು. "ನಾನೇ ತುಳದು ಕೊಂದೀನಿ."

ಅಂದೇ ಎಲ್ಲ ಡಬ್ಬಿ ಒಡೆದು, ಮಣ್ಣು ಪುಡಿಮಾಡಿ, ಹೊಸದಾಗಿ ಮೆಂತ್ಯದ ಕಾಳು ಬಿತ್ತಿದರು. ಚಂದ್ರಾಮ ಒಂದೇ ಕೈಯಲ್ಲಿ ಮೇಲೆ ತೆಳ್ಳಗೆ ಮಣ್ಣು ಉದುರಿಸಿದ. ಆದರೆ ಶನಿವಾರ ಸಂಜೆಯಾದರೂ ಮಣ್ಣು ಬರೀ ಮಣ್ಣೇ. ಬೀಜಕ್ಕೇನು ಗೊತ್ತು ಮೀಟಿಂಗಿನ ತಾರೀಖು?

ಭಾನುವಾರ ಬೆಳಿಗ್ಗೆ ಅವಳಿಗೆ ಮತಿ ಕೆಟ್ಟಿತು ಅನ್ನಬೇಕು. ಮೂಲೆಯ ಆ ಒಂದು ಹಿಡಿ ಮೆಂತ್ಯವನ್ನು ಕಿತ್ತು ತಂದು, ಮುಂದಿನ ಡಬ್ಬಿಯಲ್ಲಿ ಒಂದೊಂದಾಗಿ ಊರತೊಡಗಿದಳು. ಚಂದ್ರಾಮ "ಆಂ... ಆಂ..." ಎಂದು ಒರಲುತ್ತ ಎಡಗೈಯಿಂದ ಅವಳ ಸೆರಗು ಜಗ್ಗಿದ.

"ಸುಮ್ಮ ಕೂಡ್ರಿ! ಹಸರು ತೋರಸಬೇಕು ಅವರಿಗಿ, ಹಸರು!"

ಕಮಿಟಿಯವರು ಹನ್ನೊಂದಕ್ಕೆ ಬರಬೇಕಿದ್ದವರು ಊಟ ಮುಗಿಸಿ ಬಂದರು. ಅಷ್ಟರಲ್ಲಿ ಬಿಸಿಲಿಗೆ ಮೆಂತ್ಯವೆಲ್ಲ ಒದ್ದೆ ದಾರದ ಹಾಗೆ ಮಲಗಿತ್ತು. ಒಬ್ಬರು ನಕ್ಕರು. ಶುಭಾಂಗಿ ಮೇಡಮ್ ನಗಲಿಲ್ಲ; ಅದೊಂದು ದೊಡ್ಡತನ. ನಾಳೆ ಏಜೆನ್ಸಿಯ ಹೊಸ ವಾಚಮನ್ ಬರುತ್ತಾನೆ, ಅವನ ಹೆಂಡತಿಗೆ ಖೇತಿ ಗೊತ್ತಂತೆ ಎಂದರು. ನೀಲಾಬಾಯಿ ನಾಲ್ಕು ದಿನದ ಗಡುವು ಕೇಳಿದಳು, ಕೈಮುಗಿದಳು, ಕೊನೆಗೆ ಕಾಲಿಗೂ ಬಗ್ಗಿದಳು. ಅವರು ಆಗಲೇ ಲಿಫ್ಟಿನ ಕಡೆ ತಿರುಗಿದ್ದರು.

ಬಾಡಿದ ಮೆಂತ್ಯವನ್ನು ಆ ರಾತ್ರಿ ಬೇಳೆಗೆ ಹಾಕಿದಳು. ಇಬ್ಬರಿಗೂ ಒಂದೊಂದು ತುತ್ತಾಯಿತು.

ಸೋಮವಾರ ಗಂಟು ಕಟ್ಟಿ ಹೊರಗೆ ಬಂದರೆ, ಡಬ್ಬಿಗಳಲ್ಲೆಲ್ಲ ಮಣ್ಣು ಬಿರಿದಿತ್ತು. ಬಿರುಕಿನಿಂದ ಮೆಂತ್ಯ ಕತ್ತು ಬಗ್ಗಿಸಿಕೊಂಡು ಮೇಲೆ ಬರುತ್ತಿತ್ತು, ಒಂದಲ್ಲ ಎರಡಲ್ಲ, ಡಬ್ಬಿ ತುಂಬ. ಲಿಫ್ಟಿಗೂ ಕಾಯದೆ ಮೆಟ್ಟಿಲು ಓಡಿ ಇಳಿದು ಮೇಡಮ್ಮರ ಮನೆಯ ಬೆಲ್ಲು ಒತ್ತಿದಳು. "ಆ ಗಯಾ ಮೇಡಮ್! ಆ ಗಯಾ!" ಬಂತು, ಬಂತು ಎಂದು ಕೂಗಿದಳು.

ಮೇಡಮ್ಮರ ಮುಖ ಸಣ್ಣದಾಯಿತು. "ಕಲ್ ಆನಾ ಥಾ ನಾ, ನೀಲಾಬಾಯಿ" ಅಂದರು. ನಿನ್ನೆ ಬರಬೇಕಿತ್ತಲ್ಲ. ಹಾಗೆಂದು ಮೆಲ್ಲಗೆ ಬಾಗಿಲು ಹಾಕಿಕೊಂಡರು.

ಮೇಲೆ ಬಂದಾಗ ಹೊಸ ವಾಚಮನ್ ದೇವಾನಂದ ಸಾಮಾನು ಇಳಿಸುತ್ತಿದ್ದ. ಅವನ ಹೆಂಡತಿ ಶಿವಕುಮಾರಿ, ಇನ್ನೂ ಎಳೆಯ ಹುಡುಗಿ, ಅವಳೂ ಕಲಬುರಗಿ ಕಡೆಯವಳೇ, ಡಬ್ಬಿಗಳ ಮುಂದೆ ನಿಂತಿದ್ದಳು. ನಾನು ಉಣ್ಣದ್ದನ್ನು ಇವಳೇಕೆ ಉಣ್ಣಬೇಕು? ನೀಲಾಬಾಯಿಯ ಕಾಲು ತಾನಾಗಿ ಡಬ್ಬಿಯ ಮೇಲೆ ಎದ್ದಿತು. ತುಳಿಯುವುದು ಆ ಕಾಲಿಗೆ ಹೊಸದೇನಲ್ಲವಲ್ಲ.

"ಹೊಲದ ಕೆಲಸ ಬರ್ತದೇನವ್ವಾ ನಿನಗ?" ಎಂದು ಕೇಳಿದಳು, ಕಾಲು ಎತ್ತಿಕೊಂಡೇ.

"ಹೂಂ ಅಕ್ಕಾ" ಅಂದಳು ಹುಡುಗಿ ನೆಲ ನೋಡುತ್ತ. "ನಾವು ಹೊಲದವರೇ."

ನೀಲಾಬಾಯಿ ಅವಳ ಕೈ ನೋಡಿದಳು. ಬೆರಳ ತುದಿಗಳನ್ನು ಸಿಮೆಂಟು ತಿಂದಿತ್ತು. ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣದ ಬಿಳುಪಿತ್ತು.

ಕಾಲು ಕೆಳಗಿಳಿಸಿದಳು. ಚಾವಿಯನ್ನು ಆ ಕೈಯಲ್ಲಿಟ್ಟು, "ಮಣ್ಣು ತುಳೀಬ್ಯಾಡ ತಂಗಿ, ಸಡಿಲ ಇರಲಿ" ಅಂದಳು. ಆಮೇಲೆ ಗಂಡನನ್ನು ಬೆನ್ನಿಗೆ ಹಾಕಿಕೊಂಡು ಲಿಫ್ಟಿನ ಕಡೆ ನಡೆದಳು.