ಕಿಟಕಿಗೆ ಅಂಟಿದ ಸ್ವಾಮಣ್ಣ

ಅರ್ಧ ರವಿಕೆ ಹೊಲಿಯುವಷ್ಟರಲ್ಲಿ ಮೋಟಾರು ಮತ್ತೆ ನಿಂತಿತು. ನಾಗಶ್ರೀ ಮಿಷಿನ್ನಿಗೆ ಗುದ್ದಿದಳು. "ಥೂ, ಇವ್ನ ಮನೆ ಹಾಳಾಗ!"

ಬೈದದ್ದು ಮಿಷಿನ್ನಿಗಲ್ಲ, ಕಿಟಕಿಯ ಆಚೆ ಮಗ್ಗುಲಿಗೆ ಅಂಟಿಕೊಂಡು ಹಲ್ಲು ಕಿರಿಯುತ್ತಿದ್ದ ಸ್ವಾಮಣ್ಣನಿಗೆ. ದುದ್ದದ ಕಾಲೋನಿಯ ಈ ಸಮುದಾಯ ಭವನಕ್ಕೆ ಎಂಜಿನಿಯರಿಂಗ್ ಕಾಲೇಜಿನವರು ಪ್ರಯೋಗಕ್ಕೆಂದು ಬಿಸಿಲಿನಿಂದ ಕರೆಂಟು ಮಾಡುವ ಗಾಜು ಕೂರಿಸಿದ್ದರು. ಮಾಮೂಲಿ ಗಾಜಿನ ಹಾಗೇ ಆಚೆಯದೆಲ್ಲ ಕಾಣುತ್ತದೆ. ಹುಟ್ಟಿದ ಕರೆಂಟು ಬ್ಯಾಟರಿಗೆ, ಅಲ್ಲಿಂದ ಮೋಟಾರಿಗೆ. ಪೋಲಿಯೋದಿಂದ ಕಾಲು ಸೋತ ನಾಗಶ್ರೀಗೆ ಪೆಡಲು ತುಳಿಯಲಾಗದು. ಈ ಗಾಜು ಬಂದ ಮೇಲೇ ಅವಳ ಕೈಗೆ ನಾಲ್ಕು ಜನ ಬಟ್ಟೆ ಕೊಟ್ಟದ್ದು.

ಗೌಡರ ಕೇರಿಯ ಪಂಚಾಯ್ತಿ ಮೆಂಬರ್ ಸ್ವಾಮಣ್ಣನಿಗೋ ಅದು ಬರೀ ಗಾಜು. ತಾರಸಿ ಮೇಲಿನ ಕರಿ ಪ್ಯಾನಲ್ಲಾಗಿದ್ದರೆ ಮುಟ್ಟುತ್ತಿರಲಿಲ್ಲವೇನೋ. ನೀರಿನ ಟ್ಯಾಂಕಿಗೆ, ಹೆಣದ ಗಾಡಿಗೆ ಸಮೇತ ತನ್ನ ಫೋಟೊ ಅಂಟಿಸುವ ಪುಣ್ಯಾತ್ಮ ಇದನ್ನು ಬಿಟ್ಟಾನೆಯೆ? ಎಲ್ಲ ಕಿಟಕಿಗೂ 'ಕೊಡುಗೆ' ಎಂದು ತನ್ನ ಮುಖದ ಪೋಸ್ಟರು ಮೆತ್ತಿಸಿದ್ದ; ಬಿಸಿಲು ತಾಕದೆ ಬ್ಯಾಟರಿ ತುಂಬುತ್ತಿರಲಿಲ್ಲ. ಕೊಟ್ಟವನು ಇವನಂತೆ! ತೆಗೆಸಿ ಅಣ್ಣ ಎಂದು ನಾಗಶ್ರೀ ಅಂಗಲಾಚಿದ್ದಕ್ಕೆ "ನೋಡಾನ ಬುಡು" ಎಂದಿದ್ದ. ತೆಗೆಯದಿದ್ದರೆ ನಾಳೆ ಗಾಜು ಬಿಚ್ಚಿಕೊಂಡು ಹೋಗುತ್ತೇವೆ ಎಂದು ಕಾಲೇಜಿನವರು ಫೋನು ಮಾಡಿದ್ದರು.

ನಾಗಶ್ರೀ ಒಂದು ಚೊಂಬು ನೀರು ಹಿಡಿದು ಕುಂಟುತ್ತ ಹೊರಗೆ ಬಂದಳು. ಜಗಲಿಯಲ್ಲಿ ಕೂತಿದ್ದ ಅಪ್ಪ ದೊಡ್ಡಸಿದ್ದಯ್ಯನಿಗೆ ಗಾಬರಿಯಾಯಿತು.

"ಬ್ಯಾಡ ಕಣವ್ವ. ಗೌಡ್ರ ಮೊಕಕ್ಕೆ ಕೈ ಆಕುದ್ರೆ ಊರು ಸುಮ್ಕಿದ್ದದಾ?"

"ನನ್ ಅನ್ನಕ್ಕೆ ಅವ್ರು ಕೈ ಆಕವ್ರಲ್ಲಪ್ಪ, ಅದ್ಕೆ ಊರು ಸುಮ್ಕಿಲ್ವಾ?"

ನೀರು ಎರಚಿ, ಹಣೆಯ ಮೂಲೆ ಹಿಡಿದು ಎಳೆದಳು. ಸರಕ್ಕನೆ ಅರ್ಧ ಮುಖ ಕಿತ್ತು ಬಂತು. ಅಷ್ಟರಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದ ಬುಲೆಟ್ಟು ನಿಂತಿತು. ಅದರಿಂದಿಳಿದವನು ಸಾಕ್ಷಾತ್ ಸ್ವಾಮಣ್ಣನೇ.

"ಏನಮ್ಮೀ, ಯಾರ ಮೊಕ ಕೀಳ್ತಿದ್ದೀಯ ಗೊತ್ತಾ?"

"ಗೊತ್ತು ಕಣಣ್ಣ. ತಕಳಿ, ನಿಮ್ದೇ." ಒದ್ದೆ ಕಾಗದವನ್ನು ಅವನ ಕೈಗೇ ತುರುಕಿದಳು. "ನಿಮ್ಮನೆ ಕಿಟಕಿಗೆ ಅಂಟುಸ್ಕಳಿ."

ಸ್ವಾಮಣ್ಣನ ಕಿವಿ ಕೆಂಪಾಯಿತು. ಅವಳನ್ನು ಬಿಟ್ಟು ಅಪ್ಪನ ಕಡೆ ತಿರುಗಿದ.

"ಏನ್ಲಾ ಸಿದ್ದ, ಊರಲ್ಲಿ ಎಂಗಿರ್ಬೇಕು ಅಂತ ಮಗಳ್ಗೆ ಯೋಳ್ಕೊಟ್ಟಿಲ್ವಾ?"

ಅಪ್ಪನಿಗಿಂತ ಎಷ್ಟೋ ಚಿಕ್ಕವನು ಅವನು. ದೊಡ್ಡಸಿದ್ದಯ್ಯ ಮೊಣಕಾಲು ಹಿಡಿದು ಎದ್ದ. ಇನ್ನು ಕೈ ಮುಗಿಯುತ್ತಾನೆ ಎಂದುಕೊಂಡಳು ನಾಗಶ್ರೀ.

ಅಪ್ಪ ಹೆಗಲ ಮೇಲಿನ ಟವೆಲ್ಲು ಎಳೆದು, ಸ್ವಾಮಣ್ಣನಿಗೆ ಬೆನ್ನು ಹಾಕಿ, ಗಾಜಿನ ಮೇಲೆ ಉಳಿದಿದ್ದ ಅಂಟನ್ನು ಗಸಗಸ ಉಜ್ಜತೊಡಗಿದ.