ಮನೆಗೆ ಎರಡು ಸಾವಿರ

ಕಾಗೆ ಹಾರಿತು, ಕೇಬಲ್ ವಾಯರ್ ಇನ್ನೂ ಜೀಕುತ್ತಿದೆ — ಗೋಕಾಕದಿಂದ ಮೀಟರಿಗೆ ಏಳು ರೂಪಾಯಿ ಕೊಟ್ಟು ತಂದದ್ದು ಅದು, ಮಾಳಿಗೆ ಮೇಲಿನ ಡಿಶ್ಶಿಗೆ ಇಪ್ಪತ್ತೆರಡು ಸಾವಿರ, ಟೆಂಪೋ ಬಾಡಿಗೆ ಬೇರೆ, ಡ್ರೈವರನ ಊಟ ಬೇರೆ, ಬಡಿಸಿದವಳು ನಾನೇ, ಮನೆಯವರು ಆಗ ಇದ್ದರು, ಮಾಳಿಗೆಯ ತುದಿಯಲ್ಲಿ ನಿಂತು ಚಿತ್ರ ಬಂತೇನ ಅಂತ ಕೂಗುತ್ತಿದ್ದರು, ಕೆಳಗಿನಿಂದ ನಾನು ಎಲ್ಲೀದ್ರೀ, ಟೀವಿ ತುಂಬ ಬರೇ ಇರವಿ ಹರದಾಡಾಕತ್ತಾವು — ನಗು ಬರುತ್ತದೆ, ನಕ್ಕರೆ ಏನಾತು ಅಂತ ಕೇಳುವವರಿಲ್ಲ, ಅವರು ತೀರಿಕೊಂಡ ಮೇಲೂ ಮೂಡಲಗಿಯ ಈ ಕೇಬಲ್ ಧಂದೆಯನ್ನು ನಾನೇ ನಡೆಸಿದೆ, ತಿಂಗಳು ತಿಂಗಳು ಮನೆಮನೆ ಹತ್ತಿಳಿದು ವಸೂಲಿ, ಬೇಕಿದ್ದರೆ ಅದಕ್ಕೊಬ್ಬ ಆಳನ್ನು ನೇಮಿಸಬಹುದಿತ್ತು, ನೇಮಿಸಲಿಲ್ಲ. ಹುಕ್ಕೇರಿಯ ವೃಷಭ ಬಂದದ್ದು ಹೋದ ಚಳಿಗಾಲದಲ್ಲಿ, ಎರಡು ಸಾವಿರದ ಇಸವಿ ಹುಟ್ಟುವುದಕ್ಕೆ ತುಸು ಮೊದಲು, ಮನೆಯವರ ಕಾಕಾನ ಮಗ, ಮೈಮೇಲೆ ಹೊಸ ಸಫಾರಿ, ಕೂಡುವ ಮೊದಲೇ ಮಾತು, ವೈನಿ, ಇನ್ನ ಮುಂದ ಇಂಟರ್ನೆಟ್ ಬರೂದು ಫೋನಿನಾಗಲ್ರಿ, ನಿಮ್ಮ ಈ ವಾಯರಿನಾಗ, ದೊಡ್ಡ ದೊಡ್ಡ ಇಂಟರ್ನೆಟ್ ಕಂಪನಿ ಕೇಬಲ್ಲಿನವರ ಕೂಡ ಪಾಲುದಾರಿಕಿ ಮಾಡ್ಕೊಳ್ಳಾಕತ್ತಾವು, ಯಾರ ಕೈಯಾಗ ಗಿರಾಕಿ ಅದಾರ ಅವರ ಸಾವಕಾರರು. ಗೋಕಾಕದ ಶೇರು ಅಂಗಡಿಯಲ್ಲಿ ದಿನವೂ ನಿಲ್ಲುತ್ತಿದ್ದ ಅವನು, ಕಂಪ್ಯೂಟರ್ ಮುಟ್ಟಿ ನೋಡದವರೂ ಅಲ್ಲಿ ಇಂಟರ್ನೆಟ್ ಕಂಪನಿಯ ಶೇರು ಕೊಳ್ಳುತ್ತಿದ್ದರಂತೆ, ಇವತ್ತು ಕೊಂಡದ್ದು ನಾಳೆ ಏರುತ್ತಿತ್ತು, ಏರಿದ್ದೇ ಅವರಿಗೆ ಸಾಕ್ಷಿ. ನಾನೇನೂ ಮುಚ್ಚಿಡಲಿಲ್ಲ, ತಮ್ಮಾ, ನಾಕ ಹನಿ ಮಳಿ ಬಿದ್ರ ಈ ವಾಯರಿನಾಗ ಟೀವಿ ಬಾತ್ಮಿನ ಬರಂಗಿಲ್ಲ, ನಿನ್ನ ಇಂಟರ್ನೆಟ್ ಹೆಂಗ ಬರ್ತೈತೋ? ನೀವು ಬಾಳ ಚಾಷ್ಟಿ ಮಾಡ್ತೀರಿ ಬಿಡ್ರಿ ವೈನಿ, ವಾಯರ್ ಯಾರಿಗೆ ಬೇಕಾಗೇತಿ, ಗಿರಾಕಿ ಕೊಡ್ರಿ, ಮನಿಗೆ ಎರಡ ಸಾವಿರ. ಎರಡು ಸಾವಿರ! ಇಂಥ ದರ ಇನ್ನೊಂದು ಸಲ ಬರುವುದಿಲ್ಲ ಎಂದು ಆಗಲೇ ಗೊತ್ತಿತ್ತು ನನಗೆ, ಮೊದಲು ಹಣ, ಆಮೇಲೆ ಸಹಿ ಅಂದೆ, ಕೊಟ್ಟ, ಧಂದೆ ಬರೆದುಕೊಟ್ಟೆ, ಯುಗಾದಿಯ ಹೊತ್ತಿಗೆ ಶೇರು ಬಿದ್ದವು, ಪಾಲುದಾರಿಕೆ ಬರೀ ಬಾಯಿಮಾತಾಯಿತು, ಪಾಪ, ಸೊರಗಿದ್ದಾನೆ, ಆದರೂ ನನ್ನನ್ನು ದೂರಲಿಲ್ಲ, ಈಗ ವಸೂಲಿಗೆ ತನ್ನ ಆಳನ್ನು ಕಳಿಸುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ಕೂತವರೆಲ್ಲ ಅನ್ನುತ್ತಾರೆ, ಜಿನ್ನವ್ವ ಶ್ಯಾಣ್ಯಾಕಿ, ಟೈಮ್ ನೋಡಿ ಮಾರಿದ್ಲು.

ಶ್ಯಾಣ್ಯಾಕಿ — ಮತ್ತೆ ನಿನ್ನೆಯ ಆ ಅರ್ಧ ತೆರೆದ ಕದ, ಉದ್ದವ್ವನ ಹಿಟ್ಟು ಮೆತ್ತಿದ ಕೈ, ಬೇಡ, ಮೊದಲಿನ ಉದ್ದವ್ವನನ್ನು ನೆನೆಯೋಣ, ಹಿಂದಿನ ಓಣಿಯವಳು, ಹೊಲದ ಕೂಲಿಗೆ ಹೋಗುವವಳು, ವಸೂಲಿಯ ದಿನ ನನಗೆಂದೇ ಉಳ್ಳಾಗಡ್ಡಿ ಹಾಕದೆ ಅವಲಕ್ಕಿ ಮಾಡಿರುತ್ತಿದ್ದಳು, ಯಕ್ಕಾ, ಹೊತ್ತ ಮುಣಗೂದ್ರಾಗ ತಿಂದಬಿಡವಾ, ಆಮ್ಯಾಲೆ ನಿಮ್ಮ ಜೈನರ ಬಾಯಿಗೆ ಕೀಲಿ, ರೊಕ್ಕ ಮುಂದಿನ ವಾರ ಕೊಡ್ತೇನಿ — ಆಗಲಿ ತಗೋ ಅನ್ನುತ್ತಿದ್ದೆ, ಮುಂದಿನ ವಾರ ಮತ್ತೆ ಹೋಗಬಹುದಲ್ಲ. ನಿನ್ನೆ ಕಾಲು ತಾನಾಗಿ ಆ ಓಣಿಗೆ ತಿರುಗಿತು, ಕದ ಬಡಿದೆ, ಅರ್ಧ ತೆರೆಯಿತು, ಚೌಕಟ್ಟಿನ ಮೇಲೆ ಅವಳ ಕೈ, ಬೆರಳ ಸಂದಿಗೆಲ್ಲ ಜೋಳದ ಹಿಟ್ಟು, ಅಯ್ಯ ಯಕ್ಕಾ, ಮೊನ್ನೆನ ಕೊಟ್ಟೇನಲ್ಲ ಹುಕ್ಕೇರಿ ಮಂದಿಗೆ, ಬಾಕಿ ಉಳದೈತೇನ? ಇಲ್ಲವಾ, ಸುಮ್ನ ಬಂದೆ. ಸುಮ್ನ? ಒಳಗೆ ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ಅವಳದೇನೂ ತಪ್ಪಿಲ್ಲ, ಬಂದ ಕೆಲಸ ಹೇಳಲಿ ಎಂದು ಕಾಯುತ್ತಿದ್ದಳು, ಎಷ್ಟು ಹುಡುಕಿದರೂ ನನಗೆ ಹೇಳಲು ಒಂದು ಕೆಲಸ ಸಿಗಲಿಲ್ಲ, ಬರ್ತೇನವಾ ಅಂದು ತಿರುಗಿದೆ. ಬೇರೆ ಓಣಿಗೆ ಹೋದರೆ? ಅಲ್ಲಿಯೂ ಬಾಕಿ ಕೇಳಲು ಬಂದಳೆಂದೇ ತಿಳಿದಾರು — ಬಿಸಿಲು ಇಳಿಯುತ್ತಿದೆ, ಈಗ ಉಂಡರೆ ಉಂಡಂತೆ, ಹಸಿವಿಲ್ಲ — ಹಿಟ್ಟಿನ ಕೈ — ಬ್ಯಾಂಕಿನಲ್ಲಿ ಹಣ ಪೂರ್ತಿ ಇದೆ, ಯಾರಿಗೂ ಮೋಸ ಮಾಡಿಲ್ಲ — ಚೌಕಟ್ಟಿನ ಮೇಲೆ ಹಿಟ್ಟಿನ ಕೈ — ಹಣ ಬಂತು, ಹೋಗಿ ಕೂಡಲು ಒಂದು ಮನೆ ಉಳಿಯಲಿಲ್ಲ — ಆ ಕೈ, ಕದವನ್ನು ಇನ್ನಷ್ಟು ತೆರೆಯದೆ, ಅಲ್ಲೇ.